ಲಿಂಕ್ಡ್‌ಇನ್ ಕಂಪನಿ ಪೇಜಿನ ಫಾಲೋವರ್ಸ್ ಸಂಖ್ಯೆ ಕದಲುತ್ತಿಲ್ಲ, ದುಡ್ಡು ಕೊಟ್ಟು ತಗೊಳ್ಳಬಹುದಾ?

ತಕ್ಕಡಿಮುಳ್ಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾರ್ಖಾನೆಗಳ ತೂಕದ ಯಂತ್ರಗಳನ್ನು ಕ್ಯಾಲಿಬ್ರೇಟ್ ಮಾಡಿಕೊಡುವ, ಅಂದರೆ ಅವು ಸರಿಯಾದ ತೂಕ ತೋರಿಸುತ್ತಿವೆಯಾ ಅಂತ ಪರೀಕ್ಷಿಸಿಕೊಡುವ ಸಣ್ಣ ಕಂಪನಿ ನಮ್ಮದು. ಹಳೇ ಗಿರಾಕಿಗಳು ಕೈಬಿಟ್ಟಿಲ್ಲ, ಕೆಲಸಕ್ಕೇನೂ ಕೊರತೆಯಿಲ್ಲ. ಆದರೆ ಇಂಥದ್ದೊಂದು ಕಂಪನಿ ಇದೆ ಅನ್ನೋದೇ ಹೊಸಬರಿಗೆ ಗೊತ್ತಿಲ್ಲ. ಅದಕ್ಕೇ ಲಿಂಕ್ಡ್‌ಇನ್‌ನಲ್ಲಿ ಪೇಜ್ ತೆರೆದೆವು. ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ವಾರಕ್ಕೆ ಎರಡು ಮೂರು ಪೋಸ್ಟ್ ಹಾಕ್ತೀನಿ. ಶುಭಾಶಯದ ಕಾರ್ಡು, "ನಿಖರತೆಯೇ ನಮ್ಮ ಧ್ಯೇಯ" ಅನ್ನೋ ಥರದ ಡಿಸೈನ್, ಹೊಸ ಆರ್ಡರ್ ಸಿಕ್ಕರೆ ಅದರ ಸುದ್ದಿ. ಲೈಕ್ ಒತ್ತೋದು ನಮ್ಮ ಆಫೀಸಿನವರೇ. ಫಾಲೋವರ್ಸ್ ನೂರೈವತ್ತರ ಆಸುಪಾಸಿನಲ್ಲೇ ನಿಂತಿದ್ದಾರೆ.

ಈಗ ಒಂದು ಏಜೆನ್ಸಿಯಿಂದ ಮೇಲ್ ಬಂದಿದೆ. ದುಡ್ಡು ಕೊಟ್ಟರೆ ಐದು ಸಾವಿರ ಫಾಲೋವರ್ಸ್ ತಂದುಕೊಡ್ತಾರಂತೆ. "ನೋಡಿದವರಿಗೆ ಕಂಪನಿ ದೊಡ್ಡದು ಅನ್ನಿಸುತ್ತಲ್ಲ" ಅಂತ ನಮ್ಮ ಎಂಡಿಯವರ ಒಲವು ಆ ಕಡೆಗಿದೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಬೇಡ ಅಂತ ಹೇಳಬೇಕಾದರೆ ಗಟ್ಟಿ ಕಾರಣ ಬೇಕು, ಬದಲಿಗೆ ಏನು ಮಾಡೋಣ ಅಂತಲೂ ಹೇಳಬೇಕು. ಪೇಜ್ ನಡೆಸಿ ಅನುಭವ ಇರೋರು ದಯವಿಟ್ಟು ತಿಳಿಸಿ.

ಅಂಕಿನೋಟ:

ಖಂಡಿತ ಬೇಡ. ನಕಲಿ ಖಾತೆ, ಬಾಟ್, ತಾನಾಗಿ ಫಾಲೋ ಮಾಡಿಸುವ ಸಾಫ್ಟ್‌ವೇರ್, ಎಲ್ಲವನ್ನೂ ಲಿಂಕ್ಡ್‌ಇನ್‌ನ ಬಳಕೆದಾರರ ಒಪ್ಪಂದವೇ ನಿಷೇಧಿಸಿದೆ. ಎಂಡಿಯವರಿಗೆ ಇಷ್ಟು ಸಾಕಾಗದಿದ್ದರೆ ಪೇಜಿನ ಅನಲಿಟಿಕ್ಸ್ ತೆರೆದು ತೋರಿಸಿ. ಫಾಲೋ ಮಾಡುವವರು ಯಾವ ಉದ್ಯಮದವರು, ಯಾವ ವಿಭಾಗದಲ್ಲಿ, ಯಾವ ಹಂತದ ಹುದ್ದೆಯಲ್ಲಿ ಇದ್ದಾರೆ, ಅವರ ಕಂಪನಿ ಎಷ್ಟು ದೊಡ್ಡದು ಅನ್ನೋದೆಲ್ಲ ಅಲ್ಲಿ ಸಿಗುತ್ತೆ. ನೀವು ಹುಡುಕುತ್ತಿರುವುದು ಕಾರ್ಖಾನೆಯ ಗುಣಮಟ್ಟ ವಿಭಾಗದವರನ್ನ, ಮೇಂಟೆನೆನ್ಸ್‌ನವರನ್ನ, ಖರೀದಿ ವಿಭಾಗದವರನ್ನ. ಸಂಬಂಧವೇ ಇಲ್ಲದ ಐದು ಸಾವಿರ ಹೆಸರು ಅದರೊಳಗೆ ಬಂದು ಬಿದ್ದರೆ ಆ ಚಿತ್ರ ಪೂರ್ತಿ ಕಲಸಿಹೋಗುತ್ತೆ. ಆಮೇಲೆ ಯಾವ ಪೋಸ್ಟ್ ಯಾರಿಗೆ ತಲುಪಿತು ಅಂತ ಹೇಳೋಕೆ ನಿಮಗೆ ದಾರಿಯೇ ಇರಲ್ಲ.

ಇನ್ನೊಂದು ಮಾತು. ಜನ ಒಂದು ಪೋಸ್ಟ್ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನೋದನ್ನೂ ಫೀಡ್ ಜೋಡಿಸುವಾಗ ಲೆಕ್ಕಕ್ಕೆ ತಗೊಳ್ತೀವಿ ಅಂತ ಲಿಂಕ್ಡ್‌ಇನ್‌ನ ಇಂಜಿನಿಯರ್‌ಗಳೇ 2020ರಲ್ಲಿ ಬರೆದಿದ್ದರು. ದುಡ್ಡು ಕೊಟ್ಟು ತಂದವರು ನಿಮ್ಮ ಪೋಸ್ಟ್ ಮುಂದೆ ಒಂದು ಗಳಿಗೆಯೂ ನಿಲ್ಲಲ್ಲ.

ಪಂಪ್_ಸೀಲ್:

ಮೇಲಿನವರು ಹೇಳಿದ್ದು ಸರಿ. ಬದಲಿಗೆ ಏನು ಮಾಡೋಣ ಅಂತ ಕೇಳಿದ್ದೀರಲ್ಲ, ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ. ನಮ್ಮದು ಕಾರ್ಖಾನೆಗಳ ಪಂಪ್ ರಿಪೇರಿ ಮಾಡುವ ಕಂಪನಿ. ನಿಮ್ಮ ಹಾಗೇ ಸಣ್ಣದು, ನಿಮ್ಮ ಹಾಗೇ ಇನ್ನೊಂದು ಕಂಪನಿಗೆ ಮಾರುವ ಕೆಲಸ. ಪೇಜ್ ನಡೆಸೋದು ನಾನೇ.

ನಾನು ಕಂಡುಕೊಂಡಿದ್ದು ಇಷ್ಟು: ಪೇಜಿನ ಪೋಸ್ಟ್ ನೋಡಿ ಪೇಜ್ ಫಾಲೋ ಮಾಡುವವರು ಬಹಳ ಕಮ್ಮಿ. ಮೊದಲು ಮನುಷ್ಯರ ಮಾತು ಕಿವಿಗೆ ಬೀಳುತ್ತೆ, ಆಮೇಲೆ "ಇವರು ಕೆಲಸ ಮಾಡೋದು ಎಲ್ಲಿ" ಅಂತ ಹುಡುಕಿಕೊಂಡು ಪೇಜಿಗೆ ಬರ್ತಾರೆ. ಅದಕ್ಕೆ ನಾನು ಹೆಚ್ಚು ಹೊತ್ತು ಕೊಡೋದು ನಮ್ಮ ಕೆಲಸಗಾರರ ಪ್ರೊಫೈಲಿಗೆ, ಪೇಜಿಗೆ ಅಲ್ಲ.

ಒಂದು ಉದಾಹರಣೆ ಕೊಡ್ತೀನಿ. ನಮ್ಮಲ್ಲಿ ಒಬ್ಬರು ಹಿರಿಯ ಫಿಟ್ಟರ್ ಇದ್ದಾರೆ. ಒಂದು ಪಂಪ್ ಬಿಚ್ಚಿದಾಗ ಅದರ ಮೆಕ್ಯಾನಿಕಲ್ ಸೀಲಿನ (ತಿರುಗುವ ಶಾಫ್ಟಿನ ಪಕ್ಕದಿಂದ ದ್ರವ ಸೋರದ ಹಾಗೆ ತಡೆಯುವ ಭಾಗ) ಮುಖದ ಮೇಲೆ ಸಣ್ಣ ಬಿರುಕುಗಳು ಕಂಡವು. ಎಲ್ಲವೂ ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಹೋಗಿದ್ದವು. ಅವರು ಅದನ್ನು ಬೆಳಕಿಗೆ ಓರೆ ಹಿಡಿದು, "ಇದು ಒಣಗಿ ಓಡಿದೆ" ಅಂದರು. ಸೀಲಿನ ಎರಡು ಮುಖಗಳ ಮಧ್ಯೆ ತೆಳುವಾದ ದ್ರವದ ಪದರ ಇರಬೇಕು. ಪಂಪಿಗೆ ದ್ರವ ತುಂಬಿಸದೆ ಚಾಲೂ ಮಾಡಿದರೆ, ಇಲ್ಲವೇ ದ್ರವ ಒಳಗೆ ಬರುವ ಸಕ್ಷನ್ ವಾಲ್ವ್ ಮುಚ್ಚಿದ್ದರೆ, ಆ ಪದರ ಸಿಗಲ್ಲ. ಮುಖ ಕಾದು ಹೀಗೆ ಸೀಳುತ್ತೆ. ಸೀಲ್ ಕಂಪನಿಯದು ತಪ್ಪಲ್ಲ, ಹೊಸ ಸೀಲ್ ಹಾಕಿದರೂ ಅದೇ ಗತಿ. ನಾನು ಅಲ್ಲೇ ನಿಂತು ಫೋಟೊ ತೆಗೆದೆ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಅವರು ಓದಿ ಹೂಂ ಅಂದ ಮೇಲೆ ಅವರ ಪ್ರೊಫೈಲಿನಿಂದಲೇ ಪೋಸ್ಟ್ ಹಾಕಿಸಿದೆ, ಕಂಪನಿ ಪೇಜನ್ನು ಮೆನ್ಷನ್ ಮಾಡಿಸಿ. ಬೇರೆ ಬೇರೆ ಕಾರ್ಖಾನೆಯ ಮೇಂಟೆನೆನ್ಸ್‌ನವರು ಕೆಳಗೆ ಬಂದು ತಮ್ಮ ಪಂಪಿನ ಕಥೆ ಹೇಳಿಕೊಂಡರು. ಪೇಜಿಗೆ ಹೊಸ ಫಾಲೋವರ್ಸ್ ಬಂದಿದ್ದು ಆ ಮಾತುಕತೆಯಿಂದ. ಬಂದವರು ನಮಗೆ ಬೇಕಾದವರೇ ಆಗಿದ್ದರು.

ಪೇಜಿಗೂ ಕೆಲಸ ಇದೆ. ಪೇಜನ್ನು ಮೆನ್ಷನ್ ಮಾಡಿದ ಪೋಸ್ಟನ್ನು ಪೇಜಿನಿಂದ ಮತ್ತೆ ಹಂಚಬಹುದು. ನಾನು ಹಾಗೆ ಹಂಚುವಾಗ ಒಂದೆರಡು ಸಾಲು ಸೇರಿಸ್ತೀನಿ. ಅಂಥದ್ದೇ ಇನ್ನೊಂದು ಸೀಲಿನ ಚಿತ್ರ ಇದ್ದರೆ ಅದನ್ನೂ ತೋರಿಸ್ತೀನಿ.

ನಿಮ್ಮ ಕಂಪನಿಯ ಎಲ್ಲರ ಪ್ರೊಫೈಲನ್ನೂ ಒಮ್ಮೆ ತೆರೆದು ನೋಡಿ. ಕೆಲಸದ ವಿವರದಲ್ಲಿ ಕಂಪನಿ ಹೆಸರನ್ನು ಬರೀ ಟೈಪ್ ಮಾಡಿ ಬಿಟ್ಟಿದ್ದರೆ ಪಕ್ಕದಲ್ಲಿ ಬೂದು ಬಣ್ಣದ ಖಾಲಿ ಚೌಕ ಕಾಣುತ್ತೆ, ಅದನ್ನು ಒತ್ತಿದರೆ ನಿಮ್ಮ ಪೇಜಿಗೆ ಹೋಗಲ್ಲ. ಟೈಪ್ ಮಾಡುವಾಗ ಕೆಳಗೆ ಬರುವ ಪಟ್ಟಿಯಿಂದ ನಿಮ್ಮ ಪೇಜನ್ನೇ ಆರಿಸಿಕೊಂಡರೆ ಲೋಗೊ ಬರುತ್ತೆ, ಪೇಜಿಗೆ ದಾರಿಯೂ ಆಗುತ್ತೆ. ಎರಡು ನಿಮಿಷದ ಕೆಲಸ. ಬೇರೆ ಏನೇ ಮಾಡೋಕೆ ಮುಂಚೆ ಇದನ್ನು ಮುಗಿಸಿ.

ಆಮೇಲೆ ಇನ್ವೈಟ್. ಪೇಜಿನ ಅಡ್ಮಿನ್ ಆದವರು ತಮ್ಮ ನೇರ ಕನೆಕ್ಷನ್‌ಗಳನ್ನು ಪೇಜ್ ಫಾಲೋ ಮಾಡಿ ಅಂತ ಕರೆಯಬಹುದು. ಒಬ್ಬರನ್ನು ಕರೆದರೆ ಒಂದು ಕ್ರೆಡಿಟ್ ಖರ್ಚು. ಒಂದು ಪೇಜಿಗೆ ತಿಂಗಳಿಗೆ 250 ಕ್ರೆಡಿಟ್, ಎಷ್ಟೇ ಅಡ್ಮಿನ್ ಇದ್ದರೂ ಎಲ್ಲರಿಗೂ ಸೇರಿ ಅಷ್ಟೇ. ಕರೆದವರು ಒಪ್ಪಿಕೊಂಡರೆ ಆ ಕ್ರೆಡಿಟ್ ವಾಪಸ್ ಬರುತ್ತೆ. ಹಾಗಾಗಿ ಒಪ್ಪುವಂಥವರನ್ನೇ ಕರೆದರೆ ಇನ್ನಷ್ಟು ಜನರನ್ನು ಕರೆಯೋಕಾಗುತ್ತೆ, ಸಿಕ್ಕಸಿಕ್ಕವರಿಗೆಲ್ಲ ಕಳಿಸಿದರೆ ಖಾಲಿಯಾಗುತ್ತೆ. ನಿಮ್ಮಲ್ಲಿ ಗಿರಾಕಿಗಳ ಜೊತೆ ದಿನಾ ಮಾತಾಡುವವರು ಯಾರೋ ಅವರನ್ನು ಅಡ್ಮಿನ್ ಮಾಡಿ. ನಿಮ್ಮ ಕನೆಕ್ಷನ್‌ಗಿಂತ ಅವರ ಕನೆಕ್ಷನ್ ಈ ಕೆಲಸಕ್ಕೆ ಹೆಚ್ಚು ಬೆಲೆಯದ್ದು.

ಶುಭಾಶಯದ ಕಾರ್ಡು, ಧ್ಯೇಯವಾಕ್ಯ ನಿಲ್ಲಿಸಿ ಅಂತ ನೇರವಾಗೇ ಹೇಳ್ತೀನಿ. ಅದನ್ನು ಓದಿದವರಿಗೆ ಮುಂದಿನ ಪೋಸ್ಟಿಗೆ ಕಾಯಬೇಕು ಅನ್ನಿಸಲ್ಲ.

ಎರಡನೇಶಿಫ್ಟ್:

ಪಂಪ್_ಸೀಲ್ ಅವರ ಮಾತಿಗೆ ನನ್ನದೊಂದು ತಕರಾರು. ಎಲ್ಲವನ್ನೂ ಕೆಲಸಗಾರರ ಪ್ರೊಫೈಲ್ ಮೇಲೆ ಕಟ್ಟಿದರೆ, ಅವರು ನಾಳೆ ಬೇರೆ ಕಂಪನಿಗೆ ಹೋದಾಗ ಓದುಗರೂ ಅವರ ಹಿಂದೆಯೇ ಹೋಗ್ತಾರೆ. ನಮ್ಮಲ್ಲಿ ಹಾಗಾಗಿದೆ. ಕಂಪನಿಯದು ಅಂತ ಉಳಿಯೋದು ಪೇಜ್ ಮಾತ್ರ.

ಪೇಜಿನಿಂದಲೇ ನಡೆಯುವಂಥದ್ದೂ ಇದೆ. ನಮಗೆ ಒಳ್ಳೇದಾಗಿದ್ದು ಪಿಡಿಎಫ್ ಪೋಸ್ಟ್, ಫೀಡಿನಲ್ಲೇ ಪುಟ ತಿರುಗಿಸಿ ಓದುವಂಥದ್ದು. ಇನ್ನೊಂದು ನ್ಯೂಸ್‌ಲೆಟರ್. ಅದಕ್ಕೆ ಚಂದಾದಾರರಾದವರಿಗೆ ಪ್ರತಿ ಸಂಚಿಕೆ ಬಂದಾಗಲೂ ಸೂಚನೆ ಹೋಗುತ್ತೆ, ಮಾಮೂಲಿ ಪೋಸ್ಟಿನ ಹಾಗೆ ಫೀಡಿನ ಪ್ರವಾಹದಲ್ಲಿ ಕೊಚ್ಚಿಹೋಗಲ್ಲ. ದುಡ್ಡು ಖರ್ಚು ಮಾಡಲೇಬೇಕು ಅಂತ ಎಂಡಿ ಹಟ ಹಿಡಿದರೆ ಏಜೆನ್ಸಿಗೆ ಕೊಡುವ ಬದಲು ಲಿಂಕ್ಡ್‌ಇನ್‌ನ ಸ್ವಂತ ಜಾಹೀರಾತಿಗೆ ಹಾಕಿ. ಫಾಲೋವರ್ ಆ್ಯಡ್ ಅಂತಲೇ ಒಂದಿದೆ. ಯಾವ ಉದ್ಯಮ, ಯಾವ ಹುದ್ದೆ ಅಂತ ನೀವೇ ಗೊತ್ತುಮಾಡಬಹುದು.

ಪಂಪ್_ಸೀಲ್:

ಎರಡನೇಶಿಫ್ಟ್ ಅವರೇ, ನಿಮ್ಮ ಆತಂಕ ನಿಜವಾದದ್ದು, ತಳ್ಳಿಹಾಕಲ್ಲ. ಅದಕ್ಕೇ ನಾನು ಒಬ್ಬರ ಮೇಲೆ ನಿಲ್ಲಲ್ಲ. ಫಿಟ್ಟರ್ ಒಂದು ವಿಷಯ ಹೇಳಿದರೆ ಬ್ಯಾಲೆನ್ಸಿಂಗ್ ಮಾಡುವವರು ಇನ್ನೊಂದು ಹೇಳ್ತಾರೆ, ಬಿಡಿಭಾಗ ತರಿಸುವವರಿಗೆ ಬೇರೆಯೇ ಅನುಭವ. ಆದರೆ ಒಂದು ಮಾತು. ಕೆಲಸ ಬಲ್ಲವರು ತಮ್ಮ ಹೆಸರಿನಲ್ಲಿ ಗೌರವ ಸಂಪಾದಿಸಿಕೊಂಡು ಮುಂದೆ ಹೋದರೆ ನನಗೆ ಸಂತೋಷವೇ. ಅವರ ಅರಿವು ಅವರದ್ದು. ಕಂಪನಿಯಲ್ಲಿ ಇದ್ದಷ್ಟು ಕಾಲ ಅದನ್ನು ಹಂಚಿಕೊಂಡರಲ್ಲ, ಅದಕ್ಕೆ ನಾವು ಋಣಿ.

2023ರಿಂದ ಥಾಟ್ ಲೀಡರ್ ಆ್ಯಡ್ ಅನ್ನೋದೂ ಬಂದಿದೆ. ಕೆಲಸಗಾರರ ಸ್ವಂತ ಪೋಸ್ಟನ್ನೇ, ಅವರ ಒಪ್ಪಿಗೆ ಪಡೆದು, ಕಂಪನಿ ದುಡ್ಡು ಹಾಕಿ ಹೆಚ್ಚು ಜನಕ್ಕೆ ತಲುಪಿಸಬಹುದು. ಎಂಡಿ ಖರ್ಚಿಗೆ ಸಿದ್ಧರಿದ್ದರೆ ನಾನಾದರೆ ಇದನ್ನೇ ಮೊದಲು ಕೇಳ್ತೀನಿ. ಮೊದಲೇ ಜನ ತಾವಾಗಿ ಓದಿದ, ಕಾಮೆಂಟ್ ಬಂದ ಪೋಸ್ಟಿಗೆ ಮಾತ್ರ ಹಾಕಬೇಕು. ಯಾರೂ ಓದದ್ದನ್ನು ದುಡ್ಡು ಕೊಟ್ಟು ಓದಿಸೋಕಾಗಲ್ಲ.

ತಕ್ಕಡಿಮುಳ್ಳು:

ಎಲ್ಲರಿಗೂ ತುಂಬಾ ಧನ್ಯವಾದ. ಪಂಪ್_ಸೀಲ್ ಮೇಡಂ, ಪ್ರೊಫೈಲ್ ನೋಡಿದೆ, ಅರ್ಧಕ್ಕರ್ಧ ಜನರ ಹತ್ತಿರ ಆ ಬೂದು ಚೌಕವೇ ಇದೆ. ಇವತ್ತೇ ಕೂತು ಸರಿಮಾಡಿಸ್ತೀನಿ.

ನಮ್ಮ ಟೆಕ್ನಿಷಿಯನ್‌ಗಳು ಬರೆಯೋದು ಅಂದರೆ ಹಿಂದೇಟು ಹಾಕ್ತಾರೆ. "ನಮ್ಮ ಕೆಲಸದಲ್ಲಿ ಬರೆಯೋಕೆ ಏನಿದೆ, ತೂಕ ಇಡ್ತೀವಿ, ನೋಡ್ತೀವಿ, ಸರ್ಟಿಫಿಕೇಟ್ ಕೊಡ್ತೀವಿ" ಅಂತಾರೆ. ಅವರ ಬಾಯಿ ಬಿಡಿಸೋದು ಹೇಗೆ? ಗಿರಾಕಿಯ ಕಾರ್ಖಾನೆಯಲ್ಲಿ ತೆಗೆದ ಫೋಟೊ ಹಾಕಬಹುದಾ?

ಪಂಪ್_ಸೀಲ್:

ಬರೆಯಿರಿ ಅಂತ ಕೇಳಲೇಬೇಡಿ. ಕೆಲಸ ಮುಗಿಸಿ ವಾಪಸ್ ಬಂದಾಗ ಟೀ ಕುಡಿಯುವ ಹೊತ್ತಿಗೆ ಪಕ್ಕದಲ್ಲಿ ಕೂತು, "ಇವತ್ತು ಏನು ತೊಂದರೆ ಇತ್ತು, ಹೇಗೆ ಪತ್ತೆಯಾಯಿತು" ಅಂತ ಕೇಳಿ. ಸೈಟಿನಲ್ಲಿದ್ದರೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸಲಿ. ಅವರಿಗೆ ಮಾಮೂಲಿ ಅನ್ನಿಸಿದ್ದೇ ಹೊರಗಿನವರಿಗೆ ಹೊಸದು. ಅವರು ಹೇಳಿದ್ದನ್ನು ನೀವು ಬರೆಯಿರಿ, ಆದರೆ ಅವರ ಮಾತಿಗೆ ಬಣ್ಣ ಬಳಿಯಬೇಡಿ. ಓದಿ ಒಪ್ಪಿದ ಮೇಲಷ್ಟೇ ಹಾಕಿ. ಹೆಸರು ಹಾಕೋದು ಬೇಡ ಅಂದವರನ್ನು ಬಲವಂತ ಮಾಡಬೇಡಿ, ಆ ಪೋಸ್ಟ್ ಪೇಜಿನಿಂದ ಹೋಗಲಿ.

ಫೋಟೊಗೆ ಗಿರಾಕಿಯ ಒಪ್ಪಿಗೆ ಬೇಕೇಬೇಕು, ಬರವಣಿಗೆಯಲ್ಲಿ ತಗೊಳ್ಳಿ. ಒಪ್ಪಿದರೂ ಕಂಪನಿಯ ಹೆಸರು, ಯಂತ್ರದ ಸೀರಿಯಲ್ ನಂಬರ್, ಹಿಂದೆ ಕಾಣುವ ಉತ್ಪಾದನಾ ಸಾಲು ಯಾವುದೂ ಬರದ ಹಾಗೆ ಹತ್ತಿರದಿಂದ ತೆಗೀರಿ. ಒಬ್ಬ ಗಿರಾಕಿಯ ಗುಟ್ಟು ಹೊರಗೆ ಬಿದ್ದರೆ ಉಳಿದವರೂ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳೋಕೆ ಹೆದರ್ತಾರೆ.

ತಕ್ಕಡಿಮುಳ್ಳು:

ಮೇಡಂ, ನೀವು ಹೇಳಿದ ಹಾಗೇ ಒಬ್ಬರನ್ನು ಮಾತಾಡಿಸಿದೆ, ಒಳ್ಳೇ ವಿಷಯ ಸಿಕ್ಕಿತು. ಹೀಗೆ ಬರೆದಿದ್ದೀನಿ, ದಯವಿಟ್ಟು ನೋಡಿ:

"ಗುಣಮಟ್ಟದ ವಿಷಯದಲ್ಲಿ ನಮ್ಮ ತಂಡ ಎಂದೂ ರಾಜಿ ಮಾಡಿಕೊಳ್ಳುವುದಿಲ್ಲ. ಇತ್ತೀಚೆಗೆ ಒಂದು ಪ್ರತಿಷ್ಠಿತ ಕಾರ್ಖಾನೆಯಲ್ಲಿ 300 ಕಿಲೋ ಸಾಮರ್ಥ್ಯದ ಪ್ಲಾಟ್‌ಫಾರ್ಮ್ ತಕ್ಕಡಿಯನ್ನು ಪರೀಕ್ಷಿಸುವಾಗ ಒಂದು ಮೂಲೆಯಲ್ಲಿ ತೂಕ ಕಡಿಮೆ ತೋರಿಸುತ್ತಿರುವುದು ನಮ್ಮ ನುರಿತ ತಂತ್ರಜ್ಞರ ಗಮನಕ್ಕೆ ಬಂತು. 100 ಕಿಲೋ ಇಟ್ಟರೆ ಮೂರು ಮೂಲೆಯಲ್ಲಿ 100.0, ನಾಲ್ಕನೆಯದರಲ್ಲಿ 99.6. ಲೋಡ್ ಸೆಲ್ (ಭಾರ ಅಳೆಯುವ ಸೆನ್ಸರ್) ಹೋಗಿದೆ ಎಂದು ಎಲ್ಲರೂ ಭಾವಿಸಿದ್ದರು. ತಟ್ಟೆ ಎತ್ತಿ ನೋಡಿದಾಗ ಚೌಕಟ್ಟಿನ ಅಂಚಿನಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿತ್ತು. ನಿಖರ ಸೇವೆಗಾಗಿ ಇಂದೇ ನಮ್ಮನ್ನು ಸಂಪರ್ಕಿಸಿ."

ಪಂಪ್_ಸೀಲ್:

ಕಲ್ಲು ಸಿಕ್ಕಿತಲ್ಲ, ಅದೇ ನಿಮ್ಮ ಪೋಸ್ಟ್! ಮೊದಲ ವಾಕ್ಯವನ್ನೂ ಕೊನೇ ವಾಕ್ಯವನ್ನೂ ತೆಗೆದುಬಿಡಿ. ಫೀಡಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣೋದು, ಉಳಿದದ್ದು ಒತ್ತಿದ ಮೇಲೆ. ಆ ಜಾಗದಲ್ಲಿ ಅಂಕಿ ಇರಲಿ. "ಪ್ರತಿಷ್ಠಿತ", "ನುರಿತ" ಎರಡೂ ಬೇಡ. ನಾನಾದರೆ ಹೀಗೆ ಬರೀತೀನಿ:

"ಮೂರು ಮೂಲೆಯಲ್ಲಿ 100.0 ಕಿಲೋ. ನಾಲ್ಕನೆಯದರಲ್ಲಿ 99.6. ಲೋಡ್ ಸೆಲ್ ಹೋಗಿದೆ, ಬದಲಾಯಿಸಿ ಅಂದರು. ಮೊದಲು ತಟ್ಟೆ ಎತ್ತಿ ನೋಡೋಣ ಅಂದೆ. ತಟ್ಟೆಗೂ ಚೌಕಟ್ಟಿಗೂ ನಡುವೆ ಒಂದು ಸಣ್ಣ ಕಲ್ಲು. ಆ ಮೂಲೆಯ ಭಾರದಲ್ಲಿ ಸ್ವಲ್ಪವನ್ನು ಲೋಡ್ ಸೆಲ್‌ಗೆ ಬಿಡದೆ ತಾನೇ ಹೊರುತ್ತಿತ್ತು. ತೆಗೆದ ಮೇಲೆ ನಾಲ್ಕೂ ಕಡೆ 100.0. ನಿಮ್ಮ ತಕ್ಕಡಿಯಲ್ಲೂ ನೀವೇ ನೋಡಿಕೊಳ್ಳಬಹುದು: ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟು ತೂಕವನ್ನು ಒಂದೊಂದೇ ಮೂಲೆಯಲ್ಲಿ ಇಟ್ಟು ಅಂಕಿ ಬರೆದುಕೊಳ್ಳಿ."

ಇದು ಟೆಕ್ನಿಷಿಯನ್ ಅವರ ಹೆಸರಿನಲ್ಲೇ ಹೋಗಲಿ, "ಅಂದೆ" ಅನ್ನೋದು ಅವರ ಮಾತು. ಕಲ್ಲನ್ನು ಅಂಗೈ ಮೇಲೆ ಇಟ್ಟು ತೆಗೆದ ಫೋಟೊ ಇದ್ದರೆ ಅದನ್ನೇ ಹಾಕಿ, ಡಿಸೈನ್ ಬೇಡ. ಕೆಳಗೆ ಯಾರಾದರೂ ಪ್ರಶ್ನೆ ಕೇಳಿದರೆ ಅವತ್ತೇ ಅವರಿಂದ ಉತ್ತರ ಕೊಡಿಸಿ. ಮೂಲೆ ಪರೀಕ್ಷೆಯ ಬಗ್ಗೆ ಹೆಚ್ಚು ಪ್ರಶ್ನೆ ಬಂದರೆ ಅದನ್ನು ಎರಡನೇಶಿಫ್ಟ್ ಅವರು ಹೇಳಿದ ಪಿಡಿಎಫ್ ಮಾಡಿ ಪೇಜಿನಿಂದ ಬಿಡಿ, ಪುಟಕ್ಕೊಂದು ಮೂಲೆಯ ಚಿತ್ರ ಸಾಕು.