ಕೋಳಿ ಅಂಕದ ಫೋಟೊ ಹುಡುಕಿದರೆ ಖಾಲಿ, ಗೂಗಲ್ ಅಡಗಿಸ್ತಾ ಉಂಟಾ?

ಕಟಪಾಡಿ_ಕ್ಲಿಕ್:
ನಮಸ್ಕಾರ. ಉಡುಪಿಯಲ್ಲಿ ಪಿಜಿಯಲ್ಲಿದ್ದೇನೆ. ಕರಾವಳಿಯ ಆಟ, ಆಚರಣೆಗಳ ಫೋಟೊ ಹಾಕುವ ಬ್ಲಾಗ್ ಉಂಟು ನನ್ನದು. ನಿನ್ನೆ ಗೂಗಲ್ ಇಮೇಜಸ್‌ನಲ್ಲಿ “ಕೋಳಿ ಅಂಕ” (ನಮ್ಮ ಕಡೆಯ ಹುಂಜಗಳ ಕಾಳಗ) ಅಂತ ಹುಡುಕಿದೆ. ಕಂಕುಳಲ್ಲಿ ಹುಂಜ ಹಿಡಿದವರು, ಗದ್ದೆಯಲ್ಲಿ ನಿಂತ ಜನ, ಇಷ್ಟು ಬರ್ತದೆ. ಹುಂಜದ ಕಾಲಿಗೆ ಕಟ್ಟುವ ಬಾಳು (ಸಣ್ಣ ಕತ್ತಿ) ತಾಗಿ ರಕ್ತ ಬಂದ ಒಂದು ಫೋಟೊವೂ ಇಲ್ಲ. ನನ್ನ ಬ್ಲಾಗಿನದ್ದಂತೂ ಒಂದೂ ಇಲ್ಲ. ಮೈಕ್ರೋಸಾಫ್ಟಿನ ಬಿಂಗ್‌ನಲ್ಲೂ ಅದೇ ಕಥೆ. ಕುಕಿ ಅಳಿಸಿ, ಇನ್‌ಕಾಗ್ನಿಟೊದಲ್ಲೂ ನೋಡಿ ಆಯ್ತು. ಪ್ರಾಣಿಹಿಂಸೆಯ ಗಲಾಟೆ ಅಂತ ಮೇಲಿನಿಂದ ಯಾರಾದರೂ ತೆಗೆಸಿದ್ದಾ?

ಸುರತ್ಕಲ್_ಸರ್ವರ್:
ಪಿಜಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿದ್ರಾ? ಅದೊಂದು ಮೊದಲು ಹೇಳಿ.

ಕಟಪಾಡಿ_ಕ್ಲಿಕ್:
ಈಗ ನೋಡಿದೆ. ಬರ್ತದೆ ಮಾರಾಯ್ರೆ! ಮಸುಕಾಗಿ ಬರ್ತದೆ, ಒತ್ತಿದರೆ ಸರಿ ಕಾಣ್ತದೆ.

ಸುರತ್ಕಲ್_ಸರ್ವರ್:
ಹಾಗಾದ್ರೆ ಗೂಗಲ್‌ನ ಮೇಲೆ ಹೋಗ್ಬೇಡಿ, ಪಿಜಿಯ ರೂಟರ್ ನೋಡಿ. ಬೇಡದ ಚಿತ್ರ ತಡೆಯುವ ಗೂಗಲ್‌ನ ಸೇಫ್‌ಸರ್ಚ್‌ನಲ್ಲಿ ಮೂರು ಆಯ್ಕೆ: ಫಿಲ್ಟರ್, ಬ್ಲರ್, ಆಫ್. 2023ರಿಂದ ಬ್ಲರ್ ತಾನಾಗಿಯೇ ಹಾಕಿರ್ತದೆ, ಅಶ್ಲೀಲಕ್ಕೆ ಮಾತ್ರ ಅಲ್ಲ, ರಕ್ತಪಾತಕ್ಕೂ. ಫಿಲ್ಟರ್ ಆದರೆ ಚಿತ್ರವೇ ಮಾಯ. ವೈಫೈಯಲ್ಲಿದ್ದು ಸೇಫ್‌ಸರ್ಚ್ ಸೆಟ್ಟಿಂಗ್ಸ್ ತೆರೆಯಿರಿ, ಬಲಬದಿ ಮೇಲೆ ಬೀಗದ ಗುರುತು ಉಂಟಾ ಅಂತ ನೋಡಿ. ಆಮೇಲೆ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಲ್ಲಿ ಎನ್‌ಎಸ್‌ಲುಕಪ್ (ವೆಬ್ ವಿಳಾಸದ ಹಿಂದಿನ ಐಪಿ ನಂಬರ್ ಹೇಳುವ ಆಜ್ಞೆ) ಕೊಟ್ಟು ಗೂಗಲ್‌ನ ಪೂರ್ತಿ ವಿಳಾಸ ಹಾಕಿ. 216.239.38.120 ಅಂತ ಬಂದ್ರೆ ಕಳ್ಳ ಸಿಕ್ಕಿದ ಹಾಗೆ. ಫಿಲ್ಟರ್ ಕಡ್ಡಾಯ ಮಾಡ್ಲಿಕ್ಕೆ ಗೂಗಲ್ ಇಟ್ಟ ಬೇರೆಯೇ ಬಾಗಿಲು ಅದು.

ಬಂಟ್ವಾಳ_ಬೈಟ್:
ಎಲ್ಲದಕ್ಕೂ ರೂಟರ್ ಅನ್ಬೇಡಿ. 2021ರ ಜೂನ್ 4, ಚೀನಾದ ತಿಯಾನನ್ಮೆನ್ ಹತ್ಯಾಕಾಂಡದ ವಾರ್ಷಿಕ ದಿನ. ಬಿಂಗ್‌ನಲ್ಲಿ “ಟ್ಯಾಂಕ್ ಮ್ಯಾನ್” (ಆಗ ಟ್ಯಾಂಕುಗಳಿಗೆ ಎದುರು ನಿಂತ ಒಬ್ಬಂಟಿ ಮನುಷ್ಯ) ಚಿತ್ರ ಹುಡುಕಿದರೆ ಅಮೆರಿಕದಲ್ಲೂ ಸೊನ್ನೆ. ಬಿಂಗ್‌ನಿಂದ ಚಿತ್ರ ತಗೊಳ್ಳುವ ಡಕ್‌ಡಕ್‌ಗೋದಲ್ಲೂ ಖಾಲಿ. ಮೈಕ್ರೋಸಾಫ್ಟ್ ಹೇಳಿದ್ದು ಆಕಸ್ಮಿಕ ಮಾನವ ತಪ್ಪು ಅಂತ. ಅದೇ ದಿನ, ಅದೇ ಚಿತ್ರಕ್ಕೆ ಆಕಸ್ಮಿಕವಾ? ನಾನಂತೂ ನಂಬ್ಲಿಲ್ಲ. ನಮ್ಮಲ್ಲೂ ಸರ್ಕಾರ ನೆಟ್‌ನಲ್ಲಿದ್ದದ್ದನ್ನು ತಡೆಯಲಿಕ್ಕೆ ಐಟಿ ಕಾಯ್ದೆಯ 69ಎ ಉಂಟು, ಅದರಡಿ ಬಂದ ದೂರು, ಕ್ರಮ ಎಲ್ಲ ಗುಟ್ಟಾಗಿಡಬೇಕು ಅಂತ 2009ರ ನಿಯಮವೇ ಹೇಳ್ತದೆ.

ಸುರತ್ಕಲ್_ಸರ್ವರ್:
ಟ್ಯಾಂಕ್ ಮ್ಯಾನ್ ವಿಷಯದಲ್ಲಿ ನಿಮ್ಮ ಸಂಶಯಕ್ಕೆ ನನ್ನ ತಕರಾರಿಲ್ಲ. ಆದರೆ ಅದು ದೇಶ ದೇಶಗಳಲ್ಲಿ ಒಟ್ಟಿಗೆ ಖಾಲಿಯಾದದ್ದು. ಇದು ಉಡುಪಿಯ ಒಂದು ಮನೆಯ ವೈಫೈಯಲ್ಲಿ ಮಾತ್ರ. ಕಾನೂನಿನ ದೂರಿನ ಮೇಲೆ ತೆಗೆದದ್ದಾದರೆ ಫಲಿತಾಂಶದ ಅಡಿಯಲ್ಲಿ ಗೂಗಲ್ ಸಾಮಾನ್ಯವಾಗಿ ಒಂದು ಸಾಲು ಹಾಕ್ತದೆ, ಇಂಥ ದೂರುಗಳನ್ನು ಸಂಗ್ರಹಿಸಿಡುವ ಲ್ಯೂಮೆನ್ ತಾಣದ ಲಿಂಕ್ ಸಮೇತ. ಕಟಪಾಡಿಯವರೇ, ಅಂಥದ್ದೇನಾದರೂ ಕಂಡಿತಾ?

ಕಟಪಾಡಿ_ಕ್ಲಿಕ್:
ಇಲ್ಲ. ಬೀಗ ಉಂಟು, ನೀವು ಹೇಳಿದ 216ರ ನಂಬರೇ ಬಂತು. ಪಿಜಿಯ ಅಣ್ಣನ ಹತ್ರ ಕೇಳಿದೆ. “ಮಗಳು ಎಸ್ಸೆಸ್ಸೆಲ್ಸಿ, ಕೇಬಲ್‌ನ ಹುಡುಗನ ಹತ್ರ ಹೇಳಿ ಹಾಕಿಸಿದ್ದು” ಅಂದ್ರು. ರೂಟರಿನ ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ನಂಬರ್ ಹುಡುಕಿ ಕೊಡುವ ಸರ್ವರ್) 185.228.168.168, ಕ್ಲೀನ್‌ಬ್ರೌಸಿಂಗ್‌ನ ಫ್ಯಾಮಿಲಿ ಫಿಲ್ಟರ್. ಬಿಂಗ್‌ಗೂ ಅದೇ ಕಡಿವಾಣ ಹಾಕ್ತದಂತೆ. ತೆಗೀರಿ ಅಂತ ಒತ್ತಾಯ ಮಾಡ್ಲಿಲ್ಲ, ಅವರ ಮನೆ, ಅವರ ಮಗಳು. ಆದರೆ ಡೇಟಾದಲ್ಲೂ ನನ್ನ ಫೋಟೊ ಮಾತ್ರ ಇಲ್ಲ. ಇದಕ್ಕೆಂಥ ಹೇಳ್ತೀರಿ?

ಮಲ್ಪೆ_ಬಂಗುಡೆ:
ಬ್ಲಾಗ್ ನೋಡಿದೆ. ನಿಮ್ಮ ಹುಲಿವೇಷದ ಫೋಟೊ ಹುಡುಕಿ ನೋಡಿ, ಅದೂ ಬರುದಿಲ್ಲ. ಅದರಲ್ಲೆಂಥ ವಿವಾದ? ಪುಟದ ಸೋರ್ಸ್ ತೆಗೆದು ನೋಡಿದರೆ ನಿಮ್ಮ ಗ್ಯಾಲರಿ ಥೀಮ್ ಪ್ರತಿ ಫೋಟೊವನ್ನೂ ಸಿಎಸ್‌ಎಸ್ ಬ್ಯಾಕ್‌ಗ್ರೌಂಡ್ ಆಗಿ, ಅಂದರೆ ಪುಟದ ಅಲಂಕಾರದ ಹಿನ್ನೆಲೆಯಾಗಿ, ಅಂಟಿಸಿದೆ. ಕಣ್ಣಿಗೆ ಚಂದ, ಆದರೆ ಹಾಗೆ ಹಾಕಿದ್ದನ್ನು ಗೂಗಲ್ ಇಂಡೆಕ್ಸ್ ಮಾಡುದೇ ಇಲ್ಲ, ಹುಡುಕಾಟದ ಪಟ್ಟಿಗೆ ಸೇರಿಸುದಿಲ್ಲ. ಚಿತ್ರ ಹಾಕುವ ಎಚ್‌ಟಿಎಂಎಲ್‌ನ ಐಎಂಜಿ ಟ್ಯಾಗ್‌ನಲ್ಲೇ ಇರಬೇಕು. ಮತ್ತೆ ಫೈಲಿನ ಹೆಸರು ಡಿಎಸ್‌ಸಿ_4471, ಚಿತ್ರದಲ್ಲಿ ಏನುಂಟು ಅಂತ ಹೇಳುವ ಆಲ್ಟ್ ಪಠ್ಯ ಖಾಲಿ. ಅದು ಕೋಳಿ ಅಂತ ಯಾರಿಗೆ ಗೊತ್ತಾಗ್ಬೇಕು?

ಕಟಪಾಡಿ_ಕ್ಲಿಕ್ (ಮೂರು ವಾರದ ನಂತರ):
ಥೀಮ್ ಬದಲಿಸಿ, ಹೆಸರೆಲ್ಲ ಸರಿ ಮಾಡಿ, ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಪುಟ ಮತ್ತೆ ಇಂಡೆಕ್ಸ್‌ಗೆ ಕೊಟ್ಟೆ. ಆರು ಫೋಟೊ ಬಂದಿದೆ, ರಕ್ತದ ಎರಡು ಮಸುಕಾಗಿ. ಪಕ್ಕದಲ್ಲೇ ಯಾರದೋ ಕೋರಿ ರೊಟ್ಟಿ (ಕೋಳಿ ಸಾರು, ರೊಟ್ಟಿ).

ಬಂಟ್ವಾಳ_ಬೈಟ್:
ಅಂಕದಲ್ಲಿ ಸೋತದ್ದೇ ಇರ್ಬೇಕು. 69ಎ ವಿಷಯ ನಾನು ಬಿಟ್ಟಿಲ್ಲ, ಆಯ್ತಾ.