ದೊಡ್ಡ ನದಿಯೇ ಇಲ್ಲದ ಲೋಡ್ಜ್ ಬಟ್ಟೆ ಮಿಲ್ಲಿನ ಊರಾದದ್ದು ಹೇಗೆ?

ಜೆಪ್ಪು ಹಂಚು: ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಬಂದದ್ದಕ್ಕೆ ನೇತ್ರಾವತಿಯ ಆವೆಮಣ್ಣು, ದೋಣಿ ಸಾಗಾಟ ಎರಡೂ ಕಾರಣ. ಪೋಲೆಂಡಿನ ಲೋಡ್ಜ್‌ನಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಮಿಲ್ಲುಗಳು ಅಲ್ಲಿಗೇ ಯಾಕೆ ಹೋದವು?

ಕದ್ರಿ ನೂಲು: ನದಿ ಇಲ್ಲದಿದ್ದರೇನು, ತೋಡುಗಳಿದ್ದವು ಮಾರಾಯ್ರೆ. ಯಾಸಿಯೆನ್ ತೋಡಿಗೆ ಇಳಿಜಾರು ಇದ್ದದ್ದರಿಂದ ನೀರಿನ ಚಕ್ರ ತಿರುಗುತ್ತಿತ್ತು. ಬಟ್ಟೆ ಬಿಳುಪು ಮಾಡಲು, ಬಣ್ಣ ಹಾಕಲು ಅದೇ ನೀರು. ಆದರೆ ಅಸಲು ಕಾರಣ ಸರ್ಕಾರ, ಅಂದರೆ ಆಗ ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದ ಪೋಲೆಂಡಿನ ಸರ್ಕಾರ. 1820ರಲ್ಲಿ ಕೈಗಾರಿಕಾ ಊರೆಂದು ಗುರುತಿಸಿ, ಹೊರಗಿನಿಂದ, ಹೆಚ್ಚಾಗಿ ಜರ್ಮನ್ ಸೀಮೆಯಿಂದ, ಬಂದ ನೇಕಾರರಿಗೆ ಜಾಗ, ಮರ, ತೆರಿಗೆ ವಿನಾಯಿತಿ ಕೊಟ್ಟಿತು. 1839ರಲ್ಲಿ ಗೇಯರ್ ಎಂಬ ಮಿಲ್ ಮಾಲಿಕನ ‘ಬಿಳಿ ಕಾರ್ಖಾನೆ’ಗೆ ಉಗಿಯಂತ್ರ ಬಂತು. ಚಕ್ರಕ್ಕೆ ತೋಡಿನ ಹಂಗು ಅಲ್ಲಿಂದ ತಪ್ಪಿತು.

ಉಡುಪಿ ಮಗ್ಗ: 1851ರ ಸುಂಕದ ವಿಷಯ ಬಿಡಬೇಡಿ. ರಷ್ಯಾ ಜೊತೆಗಿನ ಸುಂಕದ ಗಡಿ ಹೋದದ್ದೇ ಪೂರ್ವದ ಮಾರುಕಟ್ಟೆ ಪೂರಾ ತೆರೆಯಿತು. ಕೊಲುಶ್ಕಿ ಜಂಕ್ಷನ್‌ನಿಂದ ಬಂದ ಕವಲು ರೈಲಿನಿಂದ ಕಲ್ಲಿದ್ದಲು, ಹತ್ತಿ ಸಲೀಸು. 1897ಕ್ಕೆ ಜನಸಂಖ್ಯೆ 3 ಲಕ್ಷ ದಾಟಿತ್ತು, ಒಳಚರಂಡಿ ಮಾತ್ರ ಇಲ್ಲ! ಇಂಗ್ಲಿಷ್ ಎಂಜಿನಿಯರ್ ಲಿಂಡ್ಲಿ 1909ರಲ್ಲೇ ನಕ್ಷೆ ಕೊಟ್ಟರೂ ಕೆಲಸ ಶುರುವಾದದ್ದು 1925ರಲ್ಲಿ. ಅಷ್ಟರವರೆಗೆ ಬಣ್ಣದ ನೀರು, ಕಕ್ಕಸಿನ ನೀರು ಎಲ್ಲ ತೋಡಿಗೇ.

ಕದ್ರಿ ನೂಲು: ಹೌದು, ಒಂದೇ ಮಾರುಕಟ್ಟೆ ನಂಬಿದ್ದೇ ಪೆಟ್ಟು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಮಿಲ್ಲಿನ ತಾಮ್ರ, ಚರ್ಮದ ಬೆಲ್ಟು ಬಿಚ್ಚಿಕೊಂಡು ಹೋದರು. ಕ್ರಾಂತಿಯ ನಂತರ ರಷ್ಯಾದ ಗಿರಾಕಿಯೂ ಹೋಯಿತು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ ಅದೇ ಕಥೆ ಮತ್ತೊಮ್ಮೆ, ಪೂರ್ವದ ಗಿರಾಕಿ ಹೋಯಿತು. ಪೊಜ್ನಾನ್‌ಸ್ಕಿ ಎಂಬ ಮಾಲಿಕನ ಹಳೇ ಮಿಲ್ಲಿನಲ್ಲಿ 2006ರಿಂದ ಮಾಲ್ ಇದೆ.