ಇಂಗ್ಲಿಷ್ ಪದದ ತಲೆ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದನ್ನು ಬಿಡಿಸುವುದು ಹೇಗೆ? (ಎಂಟನೇ ತರಗತಿ)

ಸೀಮೆಸುಣ್ಣ:
ಕನ್ನಡ ಮಾಧ್ಯಮ, 38 ಮಕ್ಕಳು, 40 ನಿಮಿಷದ ಪೀರಿಯಡ್. ಹತ್ತು ಹನ್ನೆರಡು ಮಕ್ಕಳನ್ನು ಬಿಟ್ಟರೆ ಉಳಿದವರೆಲ್ಲ ಪುಸ್ತಕದಲ್ಲಿ ಪ್ರತಿ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುತ್ತಾರೆ. ಪಾಠ ಗಡಗಡ ಓದುತ್ತಾರೆ, ಅದೇ ಪದ ಬೋರ್ಡಿನ ಮೇಲೆ ಬಂದರೆ ಬಾಯಿ ಬಿಡುವುದಿಲ್ಲ. ಬರೆಯಬೇಡಿ ಎಂದರೆ ತರಗತಿಯೇ ಮೌನ. ಎರಡು ವರ್ಷದಲ್ಲಿ ಎಸ್ಸೆಸ್ಸೆಲ್ಸಿ. ಎ ಬಿ ಸಿ ಡಿಗೆ ವಾಪಸ್ ಹೋದರೆ 13 ವರ್ಷದವರಿಗೆ ಅವಮಾನ. ಎಲ್ಲಿಂದ ಶುರು ಮಾಡಲಿ?

ಹಳೇಬೆಂಚು:
ಮೇಡಂ, ಮೊದಲು ಯಾರು ಓದುತ್ತಿದ್ದಾರೆ, ಯಾರು ಬಾಯಿಪಾಠ ಒಪ್ಪಿಸುತ್ತಿದ್ದಾರೆ ಅಂತ ಬೇರೆ ಮಾಡಿಕೊಳ್ಳಿ. ಯಾವ ಪುಸ್ತಕದಲ್ಲೂ ಇಲ್ಲದ, ಅರ್ಥವಿಲ್ಲದ ಹತ್ತು ಪದ ಚೀಟಿಯಲ್ಲಿ ಬರೆಯಿರಿ: ಪಿ-ಐ-ಬಿ, ಟಿ-ಯು-ಎಮ್, ಎಲ್-ಎ-ಎನ್ ಥರದವು. ಒಬ್ಬೊಬ್ಬರನ್ನೇ ಕರೆದು ಓದಿಸಿ, ಒಬ್ಬರಿಗೆ ಒಂದು ನಿಮಿಷ ಸಾಕು. ಇಲ್ಲಿ ನೆನಪು ಕೈ ಹಿಡಿಯುವುದಿಲ್ಲ. ಏಳಕ್ಕಿಂತ ಕಡಿಮೆ ಸರಿ ಬಂದವರಿಗೆ ಅಕ್ಷರದ ಹೆಸರು ಗೊತ್ತಿದೆ, ಸದ್ದು ಗೊತ್ತಿಲ್ಲ ಎಂದು ಲೆಕ್ಕ.

ತೊಡಕಿನ ಬೇರು ಇಲ್ಲೇ ಇದೆ. ಕನ್ನಡದಲ್ಲಿ ‘ಕ’ದ ಹೆಸರೂ ‘ಕ’, ಸದ್ದೂ ‘ಕ’. ಇಂಗ್ಲಿಷಿನಲ್ಲಿ ಸಿ, ಎ, ಟಿ ಸೇರಿದರೆ ‘ಸಿಯೇಟಿ’ ಆಗಬೇಕಿತ್ತು, ‘ಕ್ಯಾಟ್’ ಆಗುತ್ತದೆ. ಇದಕ್ಕೆ ಕಾರಣವನ್ನು ಯಾರೂ ಹೇಳಿಕೊಡದಿದ್ದಾಗ ಮಗು ತನಗೆ ನಂಬಿಕೆಯಿರುವ ಲಿಪಿಗೆ ಓಡುತ್ತದೆ. ಅದು ಸೋಮಾರಿತನ ಅಲ್ಲ. ಆದರೆ ಎರಡು ಲಿಪಿ ಮೇಲೆ ಕೆಳಗೆ ಇದ್ದರೆ ಕಣ್ಣು ಸುಲಭದ್ದನ್ನೇ ಹಿಡಿಯುತ್ತದೆ, ಇಂಗ್ಲಿಷ್ ಸಾಲಿನ ಮೇಲೆ ಬೀಳುವುದೇ ಇಲ್ಲ. ವರ್ಷವಿಡೀ ಓದಿದರೂ ಕಲಿತದ್ದು ಸೊನ್ನೆ.

ಮದ್ದು ಕನ್ನಡ ವ್ಯಾಕರಣದಲ್ಲೇ ಇದೆ. ಕ್ + ಅ = ಕ ಎಂದು ಗುಣಿತಾಕ್ಷರ ಬಿಡಿಸುವುದು ಈ ಮಕ್ಕಳಿಗೆ ಬರುತ್ತದೆ. ಬಿ ಅಕ್ಷರದ ಸದ್ದು ‘ಬ’ ಅಲ್ಲ, ‘ಬ್’ ಎಂದು ಒಮ್ಮೆ ಹೇಳಿ: ಬ್ + ಆ್ಯ + ಟ್. ‘ಬ-ಯಾ-ಟ’ ಎಂದು ಕಲಿತವನಿಗೆ ಮೂರೂ ಕೂಡುವುದೇ ಇಲ್ಲ.

ದಿನಕ್ಕೆ ಪೀರಿಯಡ್ಡಿನ ಮೊದಲ 12 ನಿಮಿಷ ಇದಕ್ಕೇ ಮೀಸಲಿಡಿ. ಮೊದಲ ಕಂತು ಎಸ್, ಎ, ಟಿ, ಪಿ, ಐ, ಎನ್. ಈ ಆರರಲ್ಲೇ ಸಿಟ್, ಟಿನ್, ಪಿನ್, ಟಿಪ್, ಪ್ಯಾನ್, ಟ್ಯಾಪ್ ಎಲ್ಲ ಹುಟ್ಟುತ್ತವೆ. ಆಮೇಲೆ ಯು, ಎಮ್, ಡಿ. ‘ಇ’ಯನ್ನು ‘ಎ’ ಗಟ್ಟಿಯಾಗುವವರೆಗೆ ತರಬೇಡಿ, ಪೆನ್ನು ಪ್ಯಾನು ಕಲಸಿಹೋಗುತ್ತವೆ. ಬಿ ಮತ್ತು ಡಿ ನಡುವೆ ಎರಡು ವಾರ ಅಂತರ ಇರಲಿ, ಇಲ್ಲದಿದ್ದರೆ ಹೊಟ್ಟೆ ಎಡಕ್ಕೋ ಬಲಕ್ಕೋ ಎಂಬ ಗೊಂದಲ ಹತ್ತನೇ ತರಗತಿಯವರೆಗೂ ಹೋಗುವುದಿಲ್ಲ. ಕೊನೆಗೆ ಆರು ಪದ ಉಕ್ತಲೇಖನ, ನಾಲ್ಕು ಹಳೆಯವು, ಎರಡು ಹೊಸವು.

ಪಂಪ್‌ಸೆಟ್:
ಹಳೇಬೆಂಚು ಸರ್ ಹೇಳಿದ್ದು ಸರಿ, ಆದರೆ ಅರ್ಧ. ‘ನ್ಯಾಪ್’ ಎಂದು ತಪ್ಪಿಲ್ಲದೆ ಓದಿ ಅರ್ಥ ಗೊತ್ತಿಲ್ಲದಿದ್ದರೆ ಅದೂ ಗಿಣಿಪಾಠವೇ. ಇಂಗ್ಲಿಷ್ ಬಾರದ ಮಗುವಿನ ಬಾಯಲ್ಲೂ ನೂರಾರು ಇಂಗ್ಲಿಷ್ ಪದ ಆಗಲೇ ಇವೆ, ಅವುಗಳಿಂದ ಶುರು ಮಾಡಿ. ನನ್ನ ಹೆಸರನ್ನೇ ನೋಡಿ: ಪಿ-ಯು-ಎಮ್-ಪಿ-ಎಸ್-ಇ-ಟಿ. ಏಳು ಅಕ್ಷರ, ಒಂದೂ ಮೋಸ ಮಾಡುವುದಿಲ್ಲ. ಬಸ್, ಸ್ಟ್ಯಾಂಡ್, ನಟ್, ಪ್ಲಗ್, ಸ್ಟಾಂಪ್, ಕಟ್, ಬೆಡ್ ಎಲ್ಲ ಹೀಗೇ. ಇಂಥ ಉದ್ದದ ಪದ ತಾನೇ ಬಿಡಿಸಿ ಓದಿದ ಎಂಟನೇ ತರಗತಿಯವನಿಗೆ ಅವಮಾನದ ಮಾತೇ ಬರುವುದಿಲ್ಲ; ಆಪಲ್ ಚಿತ್ರದ ಪಟ್ಟಿ ತೂಗುಹಾಕಿದರೆ ಖಂಡಿತ ಬರುತ್ತದೆ. ಆರಿಸುವಾಗ ಹುಷಾರು: ನಟ್ ಸರಿ, ಬೋಲ್ಟ್ ಈಗ ಬೇಡ, ಅದರ ‘ಓ’ ದೀರ್ಘ.

ಇನ್ನೊಂದು. ನಾವು ಮಾತಿನಲ್ಲಿ ಪದದ ಕೊನೆಗೆ ‘ಉ’ ಸೇರಿಸುತ್ತೇವೆ: ಬಸ್ಸು, ಪೆನ್ನು. ಮಗು ಓದುವಾಗಲೂ ಸೇರಿಸುತ್ತದೆ. ಸಿ-ಯು-ಪಿ ಓದಿ ‘ಕಪ್ಪು’ ಅಂದರೆ ಬಟ್ಟಲೋ ಬಣ್ಣವೋ! ಕೊನೆಯ ಸದ್ದನ್ನು ಪಿಸುಮಾತಿನಲ್ಲಿ ಹೇಳಿಸಿ, ‘ಉ’ ತಾನಾಗಿ ಉದುರುತ್ತದೆ.

ಬಡ್ಡಿಮೇಷ್ಟ್ರು:
ಎಲ್ಲಾ ಖರೇ ಅದ. ಆದ್ರ ಡಬಲ್ ಅಕ್ಷರದ ಮಾತು ಯಾರೂ ಎತ್ತಲಿಲ್ಲ ನೋಡ್ರಿ. ನಮ್ಮ ಹುಡುಗ್ರು ಎರಡು ಎಮ್ ಕಂಡ್ರ ಒತ್ತಕ್ಷರ ಅಂತ ತಿಳ್ಕೊಂಡು ‘ಸಮ್ಮರ್’ ಅಂತಾರ, ಎರಡು ಪಿ ಕಂಡ್ರ ‘ಹ್ಯಾಪ್ಪಿ’. ಇಂಗ್ಲಿಷಿನ್ಯಾಗ ಆ ಜೋಡಿ ಒತ್ತಾಕ ಅಲ್ಲ, ಹಿಂದಿನ ಸ್ವರ ಹ್ರಸ್ವ ಅಂತ ಹೇಳಾಕ. ಒಂದು ಪಿ ಇದ್ರ ‘ಹೋಪಿಂಗ್’, ಎರಡು ಪಿ ಇದ್ರ ‘ಹಾಪಿಂಗ್’. ಈ ಎರಡನ್ನ ಬೋರ್ಡಿನ ಮ್ಯಾಲೆ ಅಕ್ಕಪಕ್ಕ ಬರೀರಿ, ಸಾಕು.

ಮತ್ತ ಸದ್ದಿಗೆ ಸಿಗದ ಪದಗಳು: ದಿ, ವಾಸ್, ಸೆಡ್, ಒನ್, ಕಮ್, ಹ್ಯಾವ್. ಇವನ್ನ ಬಿಡಿಸ್ಲಿಕ್ಕೆ ಹೋಗಬ್ಯಾಡ್ರಿ. ‘ಸೆಡ್’ನಾಗ ಎಸ್ ಮತ್ತ ಡಿ ಸರಿ ಅದಾವು, ನಡುವಿನ ಎ-ಐ ಅಷ್ಟೇ ಕಳ್ಳ. ಆ ಕಳ್ಳನ್ನಷ್ಟೇ ಕೆಂಪು ಸೀಮೆಸುಣ್ಣದಾಗ ಬರೀರಿ. ವಾರಕ್ಕ ಐದು ಪದ, ಜಾಸ್ತಿ ಬ್ಯಾಡ. ಎಡ್ವರ್ಡ್ ಡಾಲ್ಚ್ ಅನ್ನವರು 1936ರಾಗ ಮಾಡಿದ, ಓದಿನ್ಯಾಗ ಪದೇ ಪದೇ ಬರೋ 220 ಇಂಗ್ಲಿಷ್ ಪದಗಳ ಪಟ್ಟಿ ಅದ, ಅದ್ರಿಂದ ಆರಿಸ್ಕೊಂಡ್ರ ಆತು.

ಸೀಮೆಸುಣ್ಣ:
ತುಂಬಾ ಉಪಯೋಗವಾಯ್ತು. ಎರಡು ಸಂಶಯ. ಪೆನ್ಸಿಲ್ ಬರಹವನ್ನು ನಾಳೆಯಿಂದಲೇ ಅಳಿಸಿಸಲೇ? ಸಿ ಬಂದಾಗ ‘ಸ್’ ಯಾವಾಗ, ‘ಕ್’ ಯಾವಾಗ ಅಂತ ಕೇಳಿದರೆ ಏನು ಹೇಳಲಿ?

ಹಳೇಬೆಂಚು:
ಅಳಿಸಿಸಬೇಡಿ ಮೇಡಂ, ಊರುಗೋಲು ಕಿತ್ತುಕೊಂಡ ಹಾಗಾಗುತ್ತದೆ. ಹಳೆಯ ಪಾಠಗಳಲ್ಲಿ ಇರಲಿ. ಹೊಸ ಪಾಠದಲ್ಲಿ ಪದದ ಮೇಲೆ ಬರೆಯುವಂತಿಲ್ಲ, ಪುಟದ ಅಂಚಿನಲ್ಲಿ ಬರೆಯಬಹುದು ಎನ್ನಿ. ಕಣ್ಣು ಅಂಚಿಗೆ ಹೋಗಿ ಬರಬೇಕಾದರೆ ಇಂಗ್ಲಿಷ್ ಪದವನ್ನು ಒಮ್ಮೆ ನೋಡಲೇಬೇಕು. ಮೂರನೇ ವಾರದಿಂದ ಪುಟಕ್ಕೆ ಐದೇ ಪದ, ಅದೂ ಕಲಿಸಿದ ಸದ್ದುಗಳಿಗೆ ಸಿಗದವು ಮಾತ್ರ. ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡರೆ ತಡೆಯಬೇಡಿ. ಬಿಡಿಸಬೇಕಾದ್ದು ಉಚ್ಚಾರದ ಬರಹ ಮಾತ್ರ. ಕೆಲವರು ಎರಡನ್ನೂ ಒಟ್ಟಿಗೆ ನಿಷೇಧಿಸಿ ಮಕ್ಕಳನ್ನು ಕುರುಡು ಮಾಡಿಬಿಡುತ್ತಾರೆ.

ಮತ್ತೆ, ಈ ಎರಡು ತಿಂಗಳು ಇಡೀ ತರಗತಿ ಒಟ್ಟಿಗೆ ರಾಗವಾಗಿ ಓದುವುದನ್ನು ಕಡಿಮೆ ಮಾಡಿ. ಗುಂಪಿನಲ್ಲಿ ಹತ್ತು ಜನ ಓದುತ್ತಾರೆ, ಇಪ್ಪತ್ತೆಂಟು ಜನ ತುಟಿ ಆಡಿಸುತ್ತಾರೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬ ಓದುವಾಗ ಇನ್ನೊಬ್ಬ ಪದದ ಕೆಳಗೆ ಬೆರಳಿಡಲಿ. ಬೆರಳು ಮತ್ತು ಬಾಯಿ ಬೇರೆ ಬೇರೆ ಕಡೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತಾನೆ.

ಸಿ ನಿಯಮ ಸುಲಭ: ಅದರ ಮುಂದೆ ಇ, ಐ, ವೈ ಬಂದರೆ ‘ಸ್’ (ಸೆಂಟ್, ಸಿಟಿ, ಸೈಕಲ್), ಬೇರೆ ಏನೇ ಬಂದರೂ ಸಾಮಾನ್ಯವಾಗಿ ‘ಕ್’ (ಕ್ಯಾಟ್, ಕಪ್, ಕ್ಲಾಸ್). ‘ಸೈಕಲ್’ ಬರೆಸಿ ನೋಡಿ, ಒಂದೇ ಪದದಲ್ಲಿ ಎರಡೂ ಸಿಗುತ್ತವೆ: ಮೊದಲ ಸಿ ಮುಂದೆ ವೈ, ಎರಡನೆಯದರ ಮುಂದೆ ಎಲ್. ಎಚ್ ಜೊತೆ ಬಂದಾಗ ‘ಚ್’, ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ.